ಕಾಜಾ

ಅಪ್ಪ ಅಂಗಿ ಹೊಲಿಯುತ್ತಿರಲಿಲ್ಲ.
ಕೊರಳಪಟ್ಟಿ, ತೋಳು, ಜೇಬಿಗೆಲ್ಲ ಬೇರೆಯವರಿದ್ದರು.
ಅವನದು ಕಾಜಾ ಮಾತ್ರ.
ದಿನಕ್ಕೆ ಮುನ್ನೂರು, ಹಬ್ಬ ಹತ್ತಿರವಾದರೆ ನಾನೂರು,
ಬ್ಯೂನಸ್ ಐರಿಸ್ಸಿನ ವಿಷಾ ಕ್ರೆಸ್ಪೊದಲ್ಲಿ
ಬೇಕರಿಯ ಮೇಲಿನ ಒಂದೇ ಕಿಟಕಿಯ ಕೋಣೆಯಲ್ಲಿ.
"ಬಟ್ಟೆ ಯಾರು ಬೇಕಾದರೂ ಹೊಲಿದಾರು, ಫ್ರೂಮ,
ನಾನು ತೂತು ಹೊಲಿಯುವವನು."

ಶುಕ್ರವಾರ ಸಂಜೆ ಬೆರಳ ತುದಿಯ ಗಾಯಕ್ಕೆ
ಕೋಳಿಕೊಬ್ಬು ಸವರಿಕೊಳ್ಳುತ್ತ ಹೇಳುವನು:
ಮೊದಲು ಅವನೊಬ್ಬನೇ, ಎಲ್ಲೆಲ್ಲೂ, ಒತ್ತೊತ್ತಾಗಿ,
ಸೂಜಿ ಊರಲು ಜಾಗವಿಲ್ಲದ ಹಾಗೆ.
ಲೋಕಕ್ಕೆ ಎಡೆ ಬೇಕಲ್ಲ?
ತುಸು ಸರಿದ. ತನ್ನೊಳಗೆ ತಾನೇ ಕುಗ್ಗಿದ.
ಓದಿದವರು ಅದಕ್ಕೆ ತ್ಸಿಮ್‌ತ್ಸುಮ್ ಅನ್ನುತ್ತಾರೆ,
ನಾನು ಕಾಜಾ ಅನ್ನುತ್ತೇನೆ.
ಅಮ್ಮ ಅಡುಗೆಮನೆಯಿಂದಲೇ:
"ತೂತಿಗಿಷ್ಟು ಅಂತ ಅವನಿಗೆ ಕೂಲಿ ಕೊಟ್ಟವರು ಯಾರು?"

*

ಫ್ರೂಮಳಿಗೆ ಈಗ ಎಪ್ಪತ್ತೊಂದು.
ಅದೇ ಕೋಣೆ. ಮಗ್ಗ ಒಳಗೆ ಬಂದು ಮಂಚ ಹೊರಗೆ ಹೋಗಿದೆ.
ಕದಿರು ಎರಡಿವೆ ಅವಳಲ್ಲಿ:
ತೊಡೆಯ ಪಕ್ಕ ತಿರುಗುವುದೊಂದು,
ಒಂಬತ್ತಕ್ಕೆ ಕಿಟಕಿಯಿಂದ ಇಳಿದು
ಹನ್ನೊಂದಕ್ಕೆ ಎದುರು ಮಹಡಿಯ ನೀರಿನ ತೊಟ್ಟಿಯ ಹಿಂದೆ
ಮಾಯವಾಗುವುದೊಂದು.
ಆ ಎರಡು ಗಂಟೆ ಅವಳು ಫೋನೆತ್ತುವುದಿಲ್ಲ.

ಉಣ್ಣೆ ಕಪಾಟಿನಲ್ಲಿ; ಅಗಸೆನಾರು
ಬಚ್ಚಲಮನೆಯ ಮೇಲಿನ ಅಟ್ಟದಲ್ಲಿ.
ಒಂದೇ ಬಟ್ಟೆಯಲ್ಲಿ ಎರಡೂ ಕೂಡಬಾರದು, ಕಟ್ಟಳೆ.
ಅಣ್ಣ ತಂದದ್ದು ಅಗಸೆ, ತಮ್ಮ ತಂದದ್ದು ಕುರಿ,
ಆಮೇಲೆ ಹೊಲದಲ್ಲಿ ಆದದ್ದು ಗೊತ್ತೇ ಇದೆ.
ಇಂಥವನ್ನೆಲ್ಲ ನಂಬುತ್ತೀರಾ ಎಂದು ಕೇಳಿದ ಹುಡುಗಿಗೆ
"ನಂಬುವುದಿಲ್ಲ. ಬೆರೆಸುವುದೂ ಇಲ್ಲ."

ಒನ್ಸೆಯ ಜವಳಿ ಅಂಗಡಿಗಳ ಹಿಂದೆ
ಸಂಜೆ ಗುಡಿಸಿ ಹಾಕಿದ ಚೂರುಪಾರು
ಚೀಲದಲ್ಲಿ ಹೊತ್ತು ತರುತ್ತಾಳೆ.
ಪಾತ್ರೆಗಳು ಬೆಳಕು ತಾಳದೆ ಒಡೆದುವಂತೆ,
ಕಿಡಿಗಳು ಎಲ್ಲೆಲ್ಲೋ ಸಿಡಿದು ಬಿದ್ದುವಂತೆ;
ನೈಲಾನಿನಲ್ಲೂ ಇದ್ದೀತು ಒಂದು, ಯಾರು ಕಂಡರು?
ಎಳೆಯನ್ನು ಎಳೆದು ನೋಡುತ್ತಾಳೆ,
ಹಲ್ಲಿಗೆ ಕೊಟ್ಟು ನೋಡುತ್ತಾಳೆ,
ಎಸೆಯುವುದಿಲ್ಲ.

ನಾಲ್ಕು ವರ್ಷ ನೇಯ್ದ ಉಣ್ಣೆಯ ಪರದೆ.
ಹಾಸು ಬೂದಿ, ಹೊಕ್ಕು ಬಿಳಿ,
ಅದರ ಮೇಲೆ ಹತ್ತು ಗಂಟು.
ನಡುವಿನದನ್ನು ಕಟ್ಟುವಾಗ ಎರಡು ದಿನ ಊಟ ಬಿಟ್ಟಿದ್ದಳು,
ಕೇಳಿದರೆ ಹೊಟ್ಟೆ ಸರಿಯಿಲ್ಲ ಅಂದಳು.

ಜುಲೈ ಚಳಿಯಲ್ಲಿ ಮ್ಯೂಸಿಯಮ್ಮಿನವರು ಸುರುಳಿ ಬಿಚ್ಚಿದರೆ
ಆ ಗಂಟಿನ ಪಕ್ಕದಲ್ಲೇ
ನುಸಿ ತಿಂದ ತೂತು.
ಹೆಬ್ಬೆರಳು ತೂರುವಷ್ಟು.
ತಜ್ಞೆ ಕನ್ನಡಕ ಏರಿಸಿದಳು:
ಗೊತ್ತಾಗದಂತೆ ತೇಪೆ ಹಾಕಬಹುದು, ವಿಮೆ ಇದೆ.
ಫ್ರೂಮ ಬಗ್ಗಿ ಆ ತೂತಿನಿಂದ ನೆಲದ ಹಲಗೆ ನೋಡಿದಳು,
ತಜ್ಞೆಯ ಬೂಟು ನೋಡಿದಳು.
"ನಾಳೆ ಬನ್ನಿ."

ರಾತ್ರಿಯಿಡೀ ಅಪ್ಪನ ಹೊಲಿಗೆ.
ಸೂಜಿ ಒಳಗಿಂದ, ದಾರ ಕುಣಿಕೆಯಾಗಿ, ಬಿಗಿ,
ಮತ್ತೆ ಒಳಗಿಂದ.
ತೂತು ಮುಚ್ಚಲಿಲ್ಲ. ಅದಕ್ಕೆ ತುಟಿ ಬಂತು.
ಅಂಚಿನಲ್ಲಿ ಸಿಕ್ಕ ಮರಿಹುಳುವನ್ನು
ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.
ಕೊಂದಳು. ಕಪಾಟು ಹತ್ತಿರವೇ ಇತ್ತಲ್ಲ.

*

ಪ್ರದರ್ಶನದ ದಿನ ಕಾವಲಿನ ಮುದುಕ
ಪರದೆಯ ಮುಂದೆ ನಿಂತೇ ಇದ್ದ. ಕೊನೆಗೆ ಕೇಳಿದ:
ಕಾಜಾ ಒಳ್ಳೇ ಕೆಲಸ, ಅಮ್ಮ.
ಗುಂಡಿ ಎಲ್ಲಿ?

"ಬರಬೇಕು" ಎಂದಳು ಫ್ರೂಮ,
ಕೋಟಿನ ಗುಂಡಿ ಕೆಳಗಿನಿಂದ ಒಂದೊಂದೇ ಹಾಕಿಕೊಳ್ಳುತ್ತ,
ನೂರೊಂಬತ್ತನೇ ನಂಬರಿನ ಬಸ್ಸು ತಪ್ಪೀತೆಂದು
ಬಾಗಿಲ ಕಡೆ ನಡೆಯುತ್ತ.