ಹನಿಯ ಕೋನ

ದಾವಣಗೆರೆ ಕಾಲೇಜಿನ ಹಿಂದಿನ ಲ್ಯಾಬು. ಫ್ಯಾನು ಆಫ್;
ಉಸಿರು ತಾಗಿದರೂ ಹನಿ ನಡುಗುತ್ತೆ.

ಎಣ್ಣೆಬಾವಿಯ ತಳದಿಂದ ಬಂದ ಕಲ್ಲು, ಬಿಲ್ಲೆಯಷ್ಟು.
ಮೊದಲ ದಿನ ನೀರು ಬಿಟ್ಟಾಗ
ಚಾಪೆ ಹಾಸಿದಂತೆ ಹರಡಿತ್ತು: ಇಪ್ಪತ್ತೆಂಟು ಡಿಗ್ರಿ.
ನಲವತ್ತು ದಿನ ಕಚ್ಚಾ ಎಣ್ಣೆಯಲ್ಲಿ ಕಾಯಿಸಿಟ್ಟು
ಇವತ್ತು ಬಿಟ್ಟರೆ
ಅದೇ ನೀರು ಗುಂಡಗೆ ಎದ್ದು ಕೂತಿದೆ,
ನೂರಾ ಹದಿನೇಳು,
ಪರಿಚಯವೇ ಇಲ್ಲದ ಹಾಗೆ.

ನಮ್ಮಪ್ಪ ಪಾಲಯ್ಯ, ಚಳ್ಳಕೆರೆಯ ಶೇಂಗಾ ಮಿಲ್ಲಿನವನು,
ಉಣ್ಣೋ ಮೊದಲು ಕೈ ಚಾಚುತ್ತಿದ್ದ.
ಚೊಂಬಿನಿಂದ ನಾನು ಹುಯ್ದ ನೀರು
ಅಂಗೈಗೆ ಅಂಟದೆ
ಮಣಿಮಣಿಯಾಗಿ ಉರುಳೋದು.
"ಸೀಗೆಪುಡಿ ತಾರವ್ವ."

ಮಿಲ್ಲು ಮುಚ್ಚಿದ ಹನ್ನೊಂದು ವರ್ಷಕ್ಕೆ
ಕೊನೆಯ ಸಲ ಆ ಕೈ ತೊಳೆದೆ.
ಸುಮ್ಮನೆ ಹರಡಿಕೊಂಡಿತು ನೀರು,
ಗೆರೆಗೆರೆಗೂ.