ನೆಲದ ರುಜು

ಮಸ್ಕಿ ದಾಟಿ ಹನ್ನೊಂದು ಕಿಲೋಮೀಟರು,
ಆಮೇಲೆ ಬಂಡಿದಾರಿ, ಆಮೇಲೆ ದಾರಿಯೂ ಇಲ್ಲ.
ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆ ನಾನು,
ಕೆಂಪು ಚುಕ್ಕೆ ನಾನು ಮುಟ್ಟಬೇಕಾದ ಜಾಗ.
ದಿನಕ್ಕೆ ಹದಿನಾಲ್ಕು ಚುಕ್ಕೆ,
ಚುಕ್ಕೆಗೆ ಮೂವತ್ತು ರೂಪಾಯಿ, ಪೆಟ್ರೋಲು ನನ್ನದೇ.

ಮೇಲಿನದು ಐದು ದಿನಕ್ಕೊಮ್ಮೆ ಹಾಯುತ್ತದೆ.
ನಿಲ್ಲುವುದಿಲ್ಲ, ಕುಡಿಯಲು ನೀರು ಕೇಳುವುದಿಲ್ಲ.
ಎಲೆ ಎಷ್ಟು ಬೆಳಕು ನುಂಗಿತು, ಎಷ್ಟು ಉಗುಳಿತು
ಎಂದು ಲೆಕ್ಕ ಬರೆದುಕೊಂಡು ಹೋಗುತ್ತದೆ.
ಅದರ ಲೆಕ್ಕ ತಪ್ಪಲ್ಲ.
ಈ ಸಲ ಬರೆದದ್ದು: ಹೋಬಳಿ ಹಸಿರು.
ಹಸಿರಾದ್ದರಿಂದ ಬರವಿಲ್ಲ,
ಬರವಿಲ್ಲದ್ದರಿಂದ ವಿಮೆಯ ಮಾತಿಲ್ಲ, ಮೇವಿನ ಲಾರಿಯಿಲ್ಲ.

ಮಘಿ ಮಳೆ ಮುಖ ತೋರಿಸಿ ಹೋಗಿತ್ತು.
ಹುಬ್ಬಿ ಬರಲೇ ಇಲ್ಲ.
ಸಜ್ಜೆ ಮೊಣಕಾಲೆತ್ತರಕ್ಕೆ ನಿಂತು, ಹಾಗೇ ಒಣಗಿ,
ಗಾಳಿ ಬೀಸಿದರೆ ಕಾಗದದ ಸದ್ದು.

ಒಂಬತ್ತನೇ ಚುಕ್ಕೆ ಬಿದ್ದದ್ದು ಹಳೇ ಕೆರೆಯಂಗಳದಲ್ಲಿ.
ನೀರಿಲ್ಲದ ಕೆರೆ. ಆದರೆ ಎಂಥ ಹಸಿರು!
ಬಳ್ಳಾರಿ ಜಾಲಿ.
ಹೆಸರು ಒಂದೂರಿನದು, ಬೇರು ಮೂರು ಜಿಲ್ಲೆಯದು.
ದುಪಟ್ಟಾ ಹಿಡಿದೆಳೆದು ಕೂರಿಸಿತು;
ಚಪ್ಪಲಿಯ ಅಟ್ಟೆ ತೂರಿ ಹಿಮ್ಮಡಿಗೆ ಮುಳ್ಳು.

ತೆಗೆದವಳು ಇದ್ದಿಲು ಸುಡುವ ತಿಪ್ಪವ್ವ.
ಪಿನ್ನಿನ ತುದಿಯನ್ನು ಕೆಂಡಕ್ಕೆ ಹಿಡಿದು,
ಮಸಿ ಮೆತ್ತಿದ ಮಡಿಲಲ್ಲಿ ನನ್ನ ಕಾಲಿಟ್ಟುಕೊಂಡು,
"ಯಾರಿಗಿ ಕಳಸ್ತೀ ಈ ಫೋಟೋ?"
ಮೇಲಿನವರಿಗೆ, ಅಂದೆ.
ಸಾಹೇಬರು ಅಂದುಕೊಂಡಳು. ಆಕಾಶ ತೋರಿಸಿದೆ.
ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ
"ಅಲ್ಲಿಂದ ಇದು ತೊಗರಿ ಹಾಂಗ ಕಾಣತದೇನು?"
ಹೌದು, ಹಾಗೇ ಕಾಣುತ್ತದೆ.
ನಕ್ಕಳು. ಆಡಿನ ಮರಿಗೆ ಗೊತ್ತಾಗೋದು
ಅದಕ್ಕ ಗೊತ್ತಾಗಲಿಲ್ಲೇನ!
"ಬ್ಯಾಸಿಗ್ಯಾಗ ನೋಡು ಅನ್ನು.
ಎಲ್ಲಾ ಸುಟ್ಟು ಹೋದಾಗ ಯಾವುದು ಹಸರಿರ್ತದ
ಅದು ಹೊಲ ಅಲ್ಲ."

ಷರಾ ಬರೆಯಲು ಎಂಬತ್ತು ಅಕ್ಷರಕ್ಕೆ ಜಾಗ.
ಏಪ್ರಿಲ್ ಚಿತ್ರ ಹೋಲಿಸಿ. ಆಗಲೂ ಹಸಿರಿದ್ದರೆ ಜಾಲಿ. ಕಳೆಯಿರಿ.
ಅವಳ ಹೆಸರಿಗೆ ಜಾಗ ಸಾಲಲಿಲ್ಲ.
ಸಾಲುತ್ತಿತ್ತು. ನಾನು ಬರೆಯಲಿಲ್ಲ.

ಇಪ್ಪತ್ತು ದಿನದ ಮೇಲೆ, ರಾಯಚೂರಿನ ಕಚೇರಿಯಲ್ಲಿ,
ರಿಹಾನಾ ಮೇಡಂ ಪರದೆ ನನ್ನ ಕಡೆ ತಿರುಗಿಸಿದರು.
ಸೆಪ್ಟೆಂಬರಿನಿಂದ ಏಪ್ರಿಲನ್ನು ಕಳೆದಿದ್ದರು.
ಸಿಪ್ಪೆ ಸುಲಿದ ಹಾಗೆ ಹಸಿರು ಹೋಗಿ
ಹೋಬಳಿ ಕೆಂಪಗೆ ಬಿದ್ದಿತ್ತು,
ಹೊಳೆಯ ಅಂಚಿನವರೆಗೂ ಕೆಂಪು.
ಕೆಂಪಾಯಿತೆಂದು ನಾವು ಖುಷಿಪಟ್ಟೆವು.
ಮಂಡಾಳ ಒಗ್ಗರಣಿ, ಮಿರ್ಚಿ ತರಿಸಿದರು.
"ಹೆಂಗ ಹೊಳೀತು ನಿನಗ?" ಅಂತ ಕೇಳಿದರು.
ಬಾಯಲ್ಲಿ ಮಿರ್ಚಿ ಇತ್ತು. ಖಾರ ಎಂದೆ.

ಮೇವಿನ ಲಾರಿ ಬಂದ ದಿನ ಕೆರೆಯಂಗಳಕ್ಕೆ ಹೋದೆ.
ತಿಪ್ಪವ್ವ ಮೇವು ಕೇಳಲಿಲ್ಲ;
ಅವಳ ಎರಡು ಆಡಿಗೆ ಜಾಲಿಕಾಯಿ ಬೇಕಾದಷ್ಟಿದೆ.
"ನಾ ಕಾಣ್ತೀನೇನು ಅದರಾಗ?" ಅಂದಳು.
ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ.
ಹತ್ತು ಮೀಟರಿನ ಒಂದು ಚೌಕ:
ಗುಡಿಸಲು, ಇದ್ದಿಲ ಗುಮ್ಮಿ, ಆಡು, ಬಿಂದಿಗೆ, ಅವಳು,
ಎಲ್ಲಕ್ಕೂ ಸೇರಿ ಒಂದೇ ಬಣ್ಣ,
ಅದೂ ಈಗ ಕಳೆದದ್ದರ ಲೆಕ್ಕದಲ್ಲಿ.

"ಇಲ್ಲೇ" ಎಂದು ಪರದೆಯ ಮೇಲೆ ಹೆಬ್ಬೆರಳಿಟ್ಟಳು.
ಇದ್ದಿಲ ಮಸಿ.
ಮುಂದಿನ ಊರಿಗೆ ಹೊರಟಾಗಲೂ ಅಲ್ಲೇ ಇತ್ತು,
ನೀಲಿ ಚುಕ್ಕೆಗೆ ದಾರಿ ಕಾಣದ ಹಾಗೆ.