ಕರಿ ನಾಲ್ಕು

ಬಳೇಪೇಟೆಯ ನನ್ನ ಅಂಗಡಿಗೆ ಫಾದರ್ ಇನ್ನಾಸಪ್ಪ ಬಂದು
ಬಿಚ್ಚಿಟ್ಟ ಹಾರ್ಮೋನಿಯಂಗಳ ನಡುವೆ ಮಂಡಿ ಮಡಿಸಿ ಕೂತು
"ಸ್ವಲ್ಪ ದೊಡ್ಡ ಪೆಟ್ಟಿಗೆ ಒಂದಿದೆ, ನೋಡ್ತೀರಾ?" ಅಂದರು.

ಸ್ವಲ್ಪವಂತೆ.
ಮೂರಾಳೆತ್ತರ. ಆರುನೂರ ಹನ್ನೆರಡು ಕೊಳವೆ.
ಅದರಲ್ಲಿ ತೊಂಬತ್ತು ಇಲ್ಲವೇ ಇಲ್ಲ,
ಗುಜರಿಯಲ್ಲಿ ಕರಗಿ
ಯಾರ ಮನೆಯ ಬಿಂದಿಗೆಗೆ ಕಲಾಯಿಯಾದವೋ.

ಜರ್ಮನಿಯ ಯಾವುದೋ ಹಳ್ಳಿಯ ಇಗರ್ಜಿಯಲ್ಲಿ
ನೂರು ವರ್ಷ ಹಾಡಿ, ಹಳತಾಯಿತೆಂದು ಹರಾಜಾಗಿ
ಹಡಗು ಹತ್ತಿ ಮದ್ರಾಸು, ಅಲ್ಲಿಂದ ಗೂಡ್ಸು ರೈಲು,
ದಂಡು ಸ್ಟೇಷನ್ನಿನಿಂದ ಹದಿನಾಲ್ಕು ಎತ್ತಿನ ಗಾಡಿ.
"ಬರೋಕ್" ಅಂದರು ಫಾದರ್, ಧ್ವನಿ ತಗ್ಗಿಸಿ.
ನನಗೆ ಕಂಡದ್ದು ಗೆದ್ದಲು,
ಚಿನ್ನದ ರೇಕು ಸುಲಿದ ಕೆತ್ತನೆ ಬಳ್ಳಿ,
ತುತ್ತೂರಿ ಊದುವ, ಮೂಗಿಲ್ಲದ ದೇವದೂತ,
ಗಂಟಲಿಗೆ ಗುಬ್ಬಿಗೂಡು ಸಿಕ್ಕಿಸಿಕೊಂಡ ಮಂದ್ರ ಷಡ್ಜ.

ತಿದಿ ಬಿಚ್ಚಿದೆ.
ಹರಿದಲ್ಲೆಲ್ಲ ಯಾರೋ ಕಾಗದ ಹಚ್ಚಿದ್ದರು,
ಪ್ಲೇಗಿನ ಕಾಲದ ಪಾಸುಗಳು:
ಹೆಸರು, ಬೀದಿ, ಕಂಕುಳಲ್ಲಿ ಗಡ್ಡೆ ಇಲ್ಲ, ಬಿಡಬಹುದು.
ಇವರು ಬದುಕಿದ್ದಾರೆ ಎಂಬ ಚೀಟಿಗಳನ್ನೇ ಹೊದ್ದು
ಎಷ್ಟು ವರ್ಷ ಉಸಿರಾಡಿತ್ತೋ ಇದು.

ಹಿಂದಿನ ಹಲಗೆಯಲ್ಲಿ ಸೀಸದ ಕಡ್ಡಿಯ ಗೀಟುಗಳು,
ಭಾನುವಾರಕ್ಕೊಂದು, ಹಬ್ಬಕ್ಕೆ ಎರಡು.
ಕೆಳಗೆ ಸೊಟ್ಟ ಅಕ್ಷರ:
"ತಿದಿ ಒತ್ತಿದವನು ಚೌರಪ್ಪ. ಬರಬೇಕಾದ್ದು ಎಂಟಾಣೆ."

ಷಫಿ ಸಾಬರ ಮಂಡಿಯಿಂದ ಆಡಿನ ಚರ್ಮ ತಂದೆ,
ಕಿವಿಯ ಹಾಲೆಯಷ್ಟು ಮೆದು.
ಪಾಸುಗಳನ್ನು ಹಬೆಯಲ್ಲಿ ಒಂದೊಂದಾಗಿ ಎಬ್ಬಿಸಿದೆ.
ಒಂದು ಮಾತ್ರ ಏಳಲಿಲ್ಲ: ಅರುಳಮ್ಮ, ಬ್ಲಾಕ್‌ಪಳ್ಳಿ.
ಇರಲಿ ಅಂತ ಅದರ ಮೇಲೇ ಹೊಲಿದೆ.

ಏಳು ತಿಂಗಳು.
ಕ್ವಾಯರಿನ ಪ್ರೆಸಿಲ್ಲಾ ಮೇಡಂ ಬಂದು ಕೇಳಿ ಮುಖ ಗಂಟಿಕ್ಕಿದರು:
"ಅರ್ಧ ಸ್ವರ ಇಳಿದಿದೆ. ಗಿಟಾರಿಗೆ ಕೂಡಲ್ಲ. ಕತ್ತರಿಸಿ."
ನಿಜ, ಅದರ ಬಿಳಿ ಆರು ನನ್ನ ಪೆಟ್ಟಿಗೆಯ ಕರಿ ನಾಲ್ಕು.
ಕೊಳವೆಯ ಬಾಯಿ ಒಂಚೂರು ಕತ್ತರಿಸಿದರೆ ಏರುತ್ತೆ, ಅದೂ ನಿಜ.
ಕತ್ತರಿ ಕೈಗೂ ಬಂತು.
ನಲವತ್ತು ವರ್ಷ ಹಾಡುವವರ ಗಂಟಲಿಗೆ
ಪೆಟ್ಟಿಗೆಯನ್ನು ತಗ್ಗಿಸಿ ಬಗ್ಗಿಸಿ ಕೊಟ್ಟವನು ನಾನು.
ಈ ತವರ ತಣ್ಣಗಿತ್ತು.
ಸಮುದ್ರ ದಾಟಿಯೂ ಶ್ರುತಿ ಬಿಡದ್ದು.
"ಮೇಡಂ," ಅಂದೆ, "ನೀವೇ ಒಂಚೂರು ಇಳೀರಿ."

ಈಸ್ಟರಿನ ಬೆಳಗ್ಗೆ ಅದು ಬಾಯಿಬಿಟ್ಟಾಗ
ಕಿಟಕಿಯ ಬಣ್ಣದ ಗಾಜು ಚೌಕಟ್ಟಿನಲ್ಲೇ ನಡುಗಿತು,
ಹೊರಗೆ ಆಟೋದವನೊಬ್ಬ ಹಾರ್ನ್ ಒತ್ತಿದ,
ದೇವರಾಣೆ, ಕರಿ ನಾಲ್ಕು.

ಬಿಲ್ಲು ಬರೆದೆ. ಚರ್ಮ, ವಜ್ರ, ತವರ, ಕೂಲಿ.
ಕಡೇ ಸಾಲು: ಹಳೇ ಬಾಕಿ, ಚೌರಪ್ಪ, ಎಂಟಾಣೆ.
ಫಾದರ್ ಕನ್ನಡಕ ಏರಿಸಿ ಎರಡು ಸಲ ಓದಿದರು.
ಮೇಲೆ ಹಲಗೆಯ ಕಡೆ ನೋಡಿದರು.
"ಬಡ್ಡಿ?" ಅಂದರು.